ಮದ್ದು ಕೊಡುವ ಕೈ ತಿಳಿದಿರಬೇಕಾದ ವಿಷಯಗಳು

ಆಸ್ಪತ್ರೆಯಲ್ಲಿ ಔಷಧಿ ಬರೆದುಕೊಡುವವರು ಡಾಕ್ಟರು. ಅದನ್ನು ಹೊತ್ತಿಗೆ ಸರಿಯಾಗಿ ಕೊಡುವವರು, ಕೊಟ್ಟ ಮೇಲೆ ರೋಗಿಗೆ ಏನಾಯಿತೆಂದು ಗಮನಿಸುವವರು ನರ್ಸುಗಳು. ರೋಗಿ ಮನೆಗೆ ಬಂದ ಮೇಲೆ ಆ ಕೆಲಸ ಯಾರದು? ತಾಯಿಯದು, ಸೊಸೆಯದು, ಹಿರಿಯ ಮಗಳದು. ಅಡಿಕೆ, ತೆಂಗು, ಬಾಳೆ, ಅರಿಶಿನ, ತರಕಾರಿ ಬೆಳೆಯುವ ತೊಂಡಾಮುತ್ತೂರಿನ ಮನೆಗಳಲ್ಲಿ ತೋಟದ ಕೆಲಸ, ದನಕರುಗಳ ಕೆಲಸದ ನಡುವೆಯೇ ಈ ಶುಶ್ರೂಷೆಯೂ ನಡೆಯಬೇಕು. ನರ್ಸಿಗೆ ಮೂರು ನಾಲ್ಕು ವರ್ಷ ಕಲಿಸಿದ್ದನ್ನೆಲ್ಲ ನಾವು ಕಲಿಯಲಾರೆವು. ಆದರೆ ಆಂಟಿಬಯಾಟಿಕ್ ಎಂಬ ಔಷಧಿಗಳ ವಿಷಯದಲ್ಲಿ ಅವರಿಗೆ ತಿಳಿದಿರುವ ಕೆಲವು ಮಾತುಗಳು ನಮಗೂ ತಿಳಿದಿರಲೇಬೇಕು. ಏಕೆಂದರೆ ಈ ಮದ್ದನ್ನು ಹೇಗೆಂದರೆ ಹಾಗೆ ಬಳಸಿದರೆ ಅದು ಇಂದಿನ ರೋಗಿಗೂ ಉಪಯೋಗವಾಗದೆ, ನಾಳೆಯ ರೋಗಿಗೂ ಉಪಯೋಗವಾಗದೆ ಹೋಗಬಹುದು.

ಎಲ್ಲ ಜ್ವರಕ್ಕೂ ಒಂದೇ ಮದ್ದಲ್ಲ

ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯ ಎಂಬ ಸೂಕ್ಷ್ಮ ಜೀವಿಗಳ ಮೇಲೆ ಮಾತ್ರ. ನೆಗಡಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯ ಇವೆಲ್ಲ ವೈರಸ್‌ನಿಂದ ಬರುವ ಕಾಯಿಲೆಗಳು. ಅವುಗಳಿಗೆ ಈ ಮಾತ್ರೆಗಳಿಂದ ಏನೂ ಪ್ರಯೋಜನವಿಲ್ಲ.

ಬಾಳೆ ಬೆಳೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಲೆಗಳೆಲ್ಲ ಸಣ್ಣದಾಗಿ, ತುದಿಯಲ್ಲಿ ಗೊಂಚಲಾಗಿ ನಿಂತು, ಗೊನೆ ಬಿಡದ ಬಾಳೆಗಿಡವನ್ನು ನೀವು ನೋಡಿರುತ್ತೀರಿ. ಅದು ವೈರಸ್ ರೋಗ. ಯಾವ ಸಿಂಪಡಣೆಯಿಂದಲೂ ಆ ಗಿಡ ಗುಣವಾಗುವುದಿಲ್ಲ. ಗಿಡವನ್ನು ಬುಡಸಮೇತ ಕಿತ್ತು ನಾಶಮಾಡಿ, ರೋಗ ಹರಡುವ ಹೇನನ್ನು ತಡೆಯುವುದೊಂದೇ ದಾರಿ. ರೋಗ ಯಾವುದೆಂದು ತಿಳಿಯದೆ ಡಬ್ಬಿ ತೆರೆದು ಸಿಂಪಡಿಸುವ ರೈತನಿಗೆ ನಷ್ಟವೇ ಹೊರತು ಲಾಭವಿಲ್ಲ. ಮನುಷ್ಯನ ದೇಹಕ್ಕೂ ಇದೇ ಮಾತು.

ನೀರುನೀರಾದ ಭೇದಿಗೂ ಹೆಚ್ಚಿನ ಸಲ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಮಗುವಿಗೆ ಬೇಕಾದುದು ಓ.ಆರ್.ಎಸ್. ನೀರು, ಎದೆಹಾಲು ಮತ್ತು 14 ದಿನ ಜಿಂಕ್ ಮಾತ್ರೆ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯದೆ ಹೋದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹುಳು ಪಳಗಿದಂತೆ ಕ್ರಿಮಿಯೂ ಪಳಗುತ್ತದೆ

ಹತ್ತಿ ಬೆಳೆದ ಹಿರಿಯರಿಗೆ ನೆನಪಿರಬಹುದು. 1980ರ ದಶಕದಲ್ಲಿ ಪೈರಿಥ್ರಾಯ್ಡ್ ಜಾತಿಯ ಹೊಸ ಕೀಟನಾಶಕಗಳು ಬಂದಾಗ ಕಾಯಿಕೊರಕ ಹುಳು ಒಂದೇ ಸಿಂಪಡಣೆಗೆ ಉದುರುತ್ತಿತ್ತು. ಕೆಲವೇ ವರ್ಷಗಳಲ್ಲಿ, 1987ರಲ್ಲಿ, ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಎಷ್ಟು ಸಿಂಪಡಿಸಿದರೂ ಹುಳು ಸಾಯದೆ ಹತ್ತಿ ಹಾಳಾಯಿತು. ಮದ್ದಿನಲ್ಲಿ ಕಲಬೆರಕೆಯಿತ್ತೆಂದು ಹಲವರು ಅಂದುಕೊಂಡರು. ಆದರೆ ಬದಲಾದದ್ದು ಹುಳು. ಸಿಂಪಡಣೆಗೆ ಸಾಯದೆ ಉಳಿದ ಗಟ್ಟಿ ಹುಳುಗಳೇ ಮರಿಮಾಡಿ ಹೊಲ ತುಂಬಿಕೊಂಡಿದ್ದವು.

ದೇಹದೊಳಗೆ ನಡೆಯುವುದೂ ಇದೇ. ಬೇಡದಾಗ ಮದ್ದು ನುಂಗಿದಾಗ, ಕಡಿಮೆ ಪ್ರಮಾಣ ನುಂಗಿದಾಗ, ಹೊತ್ತು ತಪ್ಪಿಸಿದಾಗ ದುರ್ಬಲ ಕ್ರಿಮಿಗಳು ಸತ್ತು, ಗಟ್ಟಿ ಕ್ರಿಮಿಗಳು ಉಳಿಯುತ್ತವೆ. ಅವು ಆ ಒಬ್ಬ ರೋಗಿಯಲ್ಲೇ ನಿಲ್ಲುವುದಿಲ್ಲ. ಕೈಯಿಂದ, ನೀರಿನಿಂದ, ಕೆಮ್ಮಿನಿಂದ ಪಕ್ಕದವರಿಗೂ ದಾಟುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿ ಮಾತನಾಡುವಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು. ಸಾಲದಷ್ಟು ಮದ್ದು ಕೊಟ್ಟರೆ ಕ್ರಿಮಿಗಳಿಗೆ ಅದನ್ನು ಎದುರಿಸಲು ಕಲಿಸಿದಂತಾಗುತ್ತದೆ ಎಂಬುದು ಅವರ ಮಾತಿನ ಸಾರ. ಅವರು ಹೇಳಿದಂತೆಯೇ ಆಗಿದೆ. 2019ನೇ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯದ ನೇರ ಕಾರಣದಿಂದ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇಂಥ ಕ್ರಿಮಿ ಹುಟ್ಟಿದ ಮಗುವಿಗೆ ತಗುಲಿದರೆ, ಹೆರಿಗೆಯಾದ ತಾಯಿಗೆ ತಗುಲಿದರೆ, ದೊಡ್ಡಾಸ್ಪತ್ರೆಯಲ್ಲೂ ಡಾಕ್ಟರ ಕೈ ಕಟ್ಟಿದಂತಾಗುತ್ತದೆ.

ನರ್ಸಿನ ಐದು 'ಸರಿ'ಗಳು

ನರ್ಸಿಂಗ್ ಶಾಲೆಯಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಇದೊಂದು. ಪ್ರತಿಸಲ ಔಷಧಿ ಕೊಡುವ ಮುಂಚೆ ನರ್ಸು ಮನಸ್ಸಿನಲ್ಲೇ ಐದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಮನೆಯಲ್ಲಿ ನಾವೂ ಕೇಳಿಕೊಳ್ಳೋಣ.

1. ಸರಿಯಾದ ವ್ಯಕ್ತಿಯೇ? ಅಣ್ಣನಿಗೆ ಬರೆದ ಮಾತ್ರೆ ತಮ್ಮನಿಗಲ್ಲ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ಕೇಳಿ ತರಬಾರದು.

2. ಸರಿಯಾದ ಔಷಧಿಯೇ? ಹೆಸರನ್ನು ಚೀಟಿಯೊಂದಿಗೆ ಹೋಲಿಸಿ ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದು ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಾರದ ಮದ್ದು ಎಂದರ್ಥ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಹಲವು ಬಲವಾದ ಆಂಟಿಬಯಾಟಿಕ್‌ಗಳನ್ನೂ ಕ್ಷಯದ ಔಷಧಿಗಳನ್ನೂ ಮಾರುವಾಗ ಅಂಗಡಿಯವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಅವರು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ.

3. ಸರಿಯಾದ ಪ್ರಮಾಣವೇ? ಮಕ್ಕಳಿಗೆ ತೂಕ ನೋಡಿ ಪ್ರಮಾಣ ನಿಗದಿ ಮಾಡುತ್ತಾರೆ. ದೊಡ್ಡವರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಮಗುವಿಗೆ ಕೊಡಬಾರದು.

4. ಸರಿಯಾದ ದಾರಿಯೇ? ಬಾಯಿಗೆ, ಕಣ್ಣಿಗೆ, ಕಿವಿಗೆ, ಚರ್ಮಕ್ಕೆ ಬೇರೆ ಬೇರೆ ಮದ್ದುಗಳಿವೆ. ಕಿವಿಯ ಹನಿ ಕಣ್ಣಿಗೆ ಹೋಗಬಾರದು. ಇಂಜೆಕ್ಷನ್ ಹಾಕಿದರೇ ಬೇಗ ಗುಣವೆಂಬುದು ತಪ್ಪು ತಿಳುವಳಿಕೆ. ಬಾಯಿಂದ ನುಂಗಬಲ್ಲ ರೋಗಿಗೆ ಬಹಳಷ್ಟು ಸೋಂಕುಗಳಲ್ಲಿ ಮಾತ್ರೆಯೇ ಸಾಕು.

5. ಸರಿಯಾದ ಹೊತ್ತೇ? ದಿನಕ್ಕೆ ಮೂರು ಸಲ ಎಂದರೆ ಸುಮಾರು 8 ಗಂಟೆಗೊಮ್ಮೆ. ಎರಡು ಸಲ ಎಂದರೆ 12 ಗಂಟೆಗೊಮ್ಮೆ. ರಕ್ತದಲ್ಲಿ ಮದ್ದಿನ ಮಟ್ಟ ಇಳಿದುಹೋದಾಗ ಕ್ರಿಮಿ ಮತ್ತೆ ತಲೆಯೆತ್ತುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನುಂಗಿ, ತೋಟದಿಂದ ದಣಿದು ಬಂದು ರಾತ್ರಿಯದನ್ನು ಮರೆತು ಮಲಗುವುದು ಸರಿಯಲ್ಲ. ಒಂದು ಹೊತ್ತು ತಪ್ಪಿದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಅದೊಂದನ್ನೇ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.

ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸ ಒಳ್ಳೆಯದು. ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುವ ಕಡೆಯೇ ಮಾತ್ರೆಯ ಲೆಕ್ಕವನ್ನೂ ಬರೆಯಿರಿ.

ಮೊದಲೇ ಹೇಳಬೇಕಾದ ಮಾತುಗಳು

ಹಿಂದೆ ಯಾವುದಾದರೂ ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಮೈಯೆಲ್ಲ ದದ್ದು ಎದ್ದಿದ್ದರೆ, ಮುಖ ಊದಿದ್ದರೆ, ಉಸಿರು ಕಟ್ಟಿದಂತಾಗಿದ್ದರೆ ಅದನ್ನು ಡಾಕ್ಟರಿಗೂ ನರ್ಸಿಗೂ ತಪ್ಪದೆ ಹೇಳಬೇಕು. ಆ ಮದ್ದಿನ ಹೆಸರನ್ನು ಬರೆಸಿಕೊಂಡು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಪೆನಿಸಿಲಿನ್ ಮತ್ತು ಅದರ ಬಳಗದ ಅಮಾಕ್ಸಿಸಿಲಿನ್ ಮುಂತಾದವು ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಕೆಲವೇ ಕೆಲವರಿಗೆ ನಿಮಿಷಗಳಲ್ಲೇ ಪ್ರಾಣಾಪಾಯ ತರಬಲ್ಲವು. ಆದ್ದರಿಂದಲೇ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕೂತಿರಿ ಎಂದು ನರ್ಸು ಹೇಳುವುದು. ಬಸ್ಸು ತಪ್ಪುತ್ತದೆಂದು ಎದ್ದು ಬರಬೇಡಿ. ಅಂಥ ಅಪಾಯ ಬಂದರೆ ತೊಡೆಗೆ ಹಾಕುವ ಅಡ್ರಿನಲಿನ್ ಇಂಜೆಕ್ಷನ್ ಆಸ್ಪತ್ರೆಯಲ್ಲಿರುತ್ತದೆ, ಬಸ್ಸಿನಲ್ಲಿರುವುದಿಲ್ಲ.

ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ಮೂತ್ರಪಿಂಡದ ಅಥವಾ ಲಿವರ್‌ನ ತೊಂದರೆಯಿದ್ದರೆ, ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಆಸ್ಪತ್ರೆಗೆ ಬರುವ ಮುಂಚೆ ಬೇರೆಲ್ಲಾದರೂ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಗಂಭೀರ ಜ್ವರದಲ್ಲಿ ಮದ್ದು ಶುರುಮಾಡುವ ಮೊದಲೇ ರಕ್ತ ತೆಗೆದು, ಅದರಲ್ಲಿ ಯಾವ ಕ್ರಿಮಿ ಬೆಳೆಯುತ್ತದೆ, ಅದು ಯಾವ ಮದ್ದಿಗೆ ಸಾಯುತ್ತದೆ ಎಂದು ನೋಡುತ್ತಾರೆ. ಮೊದಲೇ ಎರಡು ಮಾತ್ರೆ ನುಂಗಿ ಬಂದರೆ ಆ ಪರೀಕ್ಷೆ ಹುಸಿಯಾಗಬಹುದು.

ರೋಗಿಯ ಹಾಸಿಗೆಯ ಪಕ್ಕ ಕೂರುವವರು ಇನ್ನೊಂದನ್ನೂ ಗಮನಿಸಬೇಕು. ಕೈಗೆ ಚುಚ್ಚಿರುವ ಸೂಜಿಯ ಜಾಗ ಕೆಂಪಾದರೆ, ಊದಿದರೆ, ನೋಯುತ್ತಿದ್ದರೆ ಕೂಡಲೇ ನರ್ಸನ್ನು ಕರೆಯಿರಿ. ರಾತ್ರಿಯಲ್ಲಿ ಅವರಿಗೆ ತೊಂದರೆ ಕೊಡುವುದೇಕೆಂದು ಸುಮ್ಮನಿರಬೇಡಿ.

ಹಾಲು, ಹೆಂಡ ಮತ್ತು ಬಿಸಿಲು

ಕೆಲವು ಮದ್ದುಗಳಿಗೂ ನಮ್ಮ ದಿನನಿತ್ಯದ ಬದುಕಿಗೂ ಹೊಂದಿಕೆಯಿಲ್ಲ.

ಡಾಕ್ಸಿಸೈಕ್ಲಿನ್: ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ಕೂತಿರಬೇಕು. ಇಲ್ಲದಿದ್ದರೆ ಅನ್ನನಾಳ ಹುಣ್ಣಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು, ಎದೆಯುರಿಯ ಮದ್ದನ್ನು ಅದರ ಜೊತೆ ತೆಗೆದುಕೊಳ್ಳಬಾರದು. ಈ ಮದ್ದು ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ತೋಟಕ್ಕೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ತಲೆಗೆ ಟವಲು ಇರಲಿ.

ಸಿಪ್ರೊಫ್ಲಾಕ್ಸಸಿನ್: ಹಾಲು, ಮೊಸರಿನೊಂದಿಗೆ ನುಂಗಿದರೆ ಮದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಿಮ್ಮಡಿಯ ಹಿಂದಿನ ನರದಂಥ ಭಾಗದಲ್ಲಿ ನೋವು ಬಂದರೆ ಮದ್ದು ನಿಲ್ಲಿಸಿ ಡಾಕ್ಟರನ್ನು ಕಾಣಬೇಕು.

ಮೆಟ್ರೊನಿಡಜೋಲ್: ಬಾಯಿ ಲೋಹದಂತೆ ರುಚಿಸುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ಹೆಂಡ, ಸಾರಾಯಿ ಮುಟ್ಟಲೇಬಾರದು. ವಾಂತಿ, ಎದೆಬಡಿತ ಶುರುವಾಗಬಹುದು.

ಯಾವುದೇ ಆಂಟಿಬಯಾಟಿಕ್‌ನಿಂದ ಹೊಟ್ಟೆ ಸ್ವಲ್ಪ ಕೆಡಬಹುದು. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಗಳೂ ಸಾಯುವುದರಿಂದ ಹಾಗಾಗುತ್ತದೆ. ಭೇದಿ ಜೋರಾದರೆ ತಿಳಿಸಬೇಕು.

ಮಕ್ಕಳ ಸಿರಪ್

ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಮುಂತಾದವು ಬಾಟಲಿಯಲ್ಲಿ ಪುಡಿಯಾಗಿ ಬರುತ್ತವೆ. ನೀರನ್ನು ಕುದಿಸಿ, ಪೂರ್ತಿ ಆರಿಸಿ, ಬಾಟಲಿಯ ಗೆರೆಯವರೆಗೆ ಮಾತ್ರ ಹಾಕಿ ಚೆನ್ನಾಗಿ ಕಲಕಬೇಕು. ಗೆರೆ ಮೀರಿದರೆ ಮದ್ದು ತೆಳುವಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ. ಪ್ರತಿಸಲವೂ ಅಲುಗಾಡಿಸಿ, ಅಳತೆಯ ಮುಚ್ಚಳದಲ್ಲೇ ಕೊಡಿ. ಅಡುಗೆಮನೆಯ ಚಮಚಗಳು ಒಂದೊಂದು ಅಳತೆ. ಬೆರೆಸಿದ ಸಿರಪ್ ಸಾಮಾನ್ಯವಾಗಿ 7 ದಿನ ಮಾತ್ರ ಬಾಳುತ್ತದೆ. ಬಾಟಲಿಯ ಮೇಲೆ ಬರೆದಿರುವುದನ್ನು ನೋಡಿಕೊಳ್ಳಿ. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ.

ಎರಡು ತಿಂಗಳೊಳಗಿನ ಕೂಸು ಹಾಲು ಕುಡಿಯದಿದ್ದರೆ, ಮೈ ಬಿಸಿಯಾಗಿ ಅಥವಾ ತಣ್ಣಗಾಗಿದ್ದರೆ, ಉಸಿರು ಜೋರಾಗಿ ಎದೆ ಒಳಕ್ಕೆ ಸೆಳೆಯುತ್ತಿದ್ದರೆ ಮನೆಮದ್ದಿಗೆ ಸಮಯವಿಲ್ಲ. 108ಕ್ಕೆ ಫೋನ್ ಮಾಡಿ. ಅಂಥ ಸೋಂಕಿನಲ್ಲಿ ಗಂಟೆಗಳ ಲೆಕ್ಕದಲ್ಲೇ ಮದ್ದು ಸಿಗಬೇಕು.

ಪೊದೆಯ ಬದಿಯಿಂದ ಬರುವ ಜ್ವರ

ತೋಟ, ಬೇಲಿ, ಬೆಟ್ಟದ ಬುಡದಲ್ಲಿ ಕೆಲಸ ಮಾಡುವವರು ಒಂದು ಜ್ವರವನ್ನು ವಿಶೇಷವಾಗಿ ತಿಳಿದಿರಬೇಕು. ಅದರ ಹೆಸರು ಸ್ಕ್ರಬ್ ಟೈಫಸ್. ತಮಿಳುನಾಡಿನಲ್ಲಿ, ಮುಖ್ಯವಾಗಿ ಮಳೆಯ ನಂತರದ ತಂಪು ತಿಂಗಳುಗಳಲ್ಲಿ ಇದು ಹೆಚ್ಚು. ಹುಲ್ಲು ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಮರಿ ಕಚ್ಚುವುದರಿಂದ ಬರುತ್ತದೆ. ಜೋರು ಜ್ವರ, ತಲೆನೋವು, ಮೈಕೈ ನೋವು ಇರುತ್ತದೆ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಟ್ಟುವುದುಂಟು. ಅದು ನೋಯುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ ಅಡಗಿರುತ್ತದೆ. ಆದ್ದರಿಂದ ರೋಗಿಗೇ ಗೊತ್ತಾಗುವುದಿಲ್ಲ. ಬಟ್ಟೆ ಸರಿಸಿ ನೋಡುವ ನರ್ಸಿನ ಕಣ್ಣಿಗೆ ಅದು ಬಿದ್ದರೆ ಅರ್ಧ ಕಾಯಿಲೆ ಪತ್ತೆಯಾದಂತೆ. ನಾಚಿಕೆಪಡದೆ ತೋರಿಸಬೇಕು. ಎಲ್ಲರಿಗೂ ಈ ಗುರುತು ಇರುವುದಿಲ್ಲ ಎಂಬುದೂ ನೆನಪಿರಲಿ.

ಇದು ಬ್ಯಾಕ್ಟೀರಿಯದ ಕಾಯಿಲೆಯೇ ಆದರೂ ಅಂಗಡಿಯಿಂದ ತಂದ ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್ ಬೇಕು. ಕಾಯಿಲೆ ಉಲ್ಬಣಿಸಿದವರಿಗೆ ಈ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಟ್ಟರೆ ಹೆಚ್ಚು ಫಲವೆಂದು ಭಾರತದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಪ್ಪು ಮಾತ್ರೆ ನುಂಗುತ್ತ ವಾರ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಹಾನಿಯಾಗಬಹುದು. ಎರಡು ಮೂರು ದಿನದಲ್ಲಿ ಇಳಿಯದ ಜ್ವರವಿದ್ದರೆ ಆಸ್ಪತ್ರೆಗೆ ಹೋಗಿ, ತೋಟದ ಕೆಲಸ ಮಾಡುವವರೆಂದು ಹೇಳಿ.

ಮದ್ರಾಸಿನಲ್ಲಿ ಕಲಿತ ಪಾಠ

ಮನೆಯಲ್ಲೇ ಮದ್ದು ಕೊಟ್ಟು ದೊಡ್ಡ ಕಾಯಿಲೆ ಗುಣಪಡಿಸಬಹುದೇ? ಇದಕ್ಕೆ ಪ್ರಪಂಚಕ್ಕೇ ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲಿ. ಒಂದು ಕಾಲದಲ್ಲಿ ಕ್ಷಯರೋಗಿಯನ್ನು ಪೆರುಂದುರೈಯಂಥ ಸ್ಯಾನಿಟೋರಿಯಂಗಳಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಹಾಸಿಗೆಗಳು ಕೆಲವು, ರೋಗಿಗಳು ಲಕ್ಷಾಂತರ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ಬಡರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಇಕ್ಕಟ್ಟಾದ ಮನೆಗಳಲ್ಲೇ, ಒಂದು ವರ್ಷ ಒಂದೇ ಬಗೆಯ ಮದ್ದು. 1959ರಲ್ಲಿ ಫಲಿತಾಂಶ ಹೊರಬಂತು. ಊಟ, ವಿಶ್ರಾಂತಿ ಕಡಿಮೆಯಿದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ರೋಗ ಹರಡುವುದೂ ಅದರಿಂದ ಹೆಚ್ಚಾಗಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು.

ಆದರೆ ಒಂದು ಷರತ್ತಿತ್ತು. ಮದ್ದು ನಿಜವಾಗಿ ಹೊಟ್ಟೆಗೆ ಹೋಗಬೇಕು. ಅದಕ್ಕಾಗಿ ಸಿಬ್ಬಂದಿ ಮನೆಮನೆಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು. ಗೋಡೆ, ಹಾಸಿಗೆಗಳಿಗಿಂತ ಮದ್ದು ತಪ್ಪದಂತೆ ನೋಡಿಕೊಳ್ಳುವ ಕಣ್ಣು ಮುಖ್ಯವೆಂದು ಅಲ್ಲಿ ಸಾಬೀತಾಯಿತು.

ಈಗ ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು ನಾಲ್ಕು ಮದ್ದು, ನಂತರದ 4 ತಿಂಗಳು ಮೂರು ಮದ್ದು, ಪ್ರತಿದಿನ, ಉಚಿತವಾಗಿ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾಗುತ್ತದೆ. ಅದು ರಕ್ತವಲ್ಲ, ಹೆದರಿ ನಿಲ್ಲಿಸಬೇಡಿ. ಕಣ್ಣು ಹಳದಿಯಾದರೆ, ಬಣ್ಣಗಳು ಸರಿಯಾಗಿ ಕಾಣದಿದ್ದರೆ, ಕೈಕಾಲು ಜೋಮು ಹಿಡಿದರೆ ಅಂದೇ ಹೇಳಬೇಕು. ಎರಡನೆಯ ತಿಂಗಳಲ್ಲೇ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ಬಹಳ ಜನ ಎಡವುವುದು ಅಲ್ಲೇ. ನಡುವೆ ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯ ಮನೆಯ ಮಕ್ಕಳಿಗೂ ದಾಟಬಹುದು. ಊಟದ ಖರ್ಚಿಗೆಂದು ಸರಕಾರ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಯಿತು. ಅದನ್ನು ಕೇಳಿ ಪಡೆಯಿರಿ. 2022ರಿಂದ ತಮಿಳುನಾಡಿನಲ್ಲಿ ಕ್ಷಯ ಪತ್ತೆಯಾದ ಕೂಡಲೇ ರೋಗಿಯ ತೂಕ, ಉಸಿರಾಟ, ಎದ್ದು ನಿಲ್ಲುವ ಶಕ್ತಿ ನೋಡಿ, ತೀರಾ ಬಲಹೀನರಾದವರನ್ನು ಆಸ್ಪತ್ರೆಗೆ ಸೇರಿಸುವ ಯೋಜನೆಯೂ ನಡೆದಿದೆ. ಸೇರಲು ಹೇಳಿದರೆ ಬೇಡವೆನ್ನಬೇಡಿ.

ಹಾಗಾದರೆ ಎಷ್ಟು ದಿನ?

ಕ್ಷಯಕ್ಕೆ ಆರು ತಿಂಗಳು, ಮಗುವಿನ ಸಾಮಾನ್ಯ ನ್ಯುಮೋನಿಯಕ್ಕೆ ಐದು ದಿನವೇ ಸಾಕಾಗಬಹುದು. ಕೆಲವು ಸೋಂಕುಗಳಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನ ಸಾಕೆಂದು ಈಗ ತಿಳಿದುಬಂದಿದೆ. ಆದ್ದರಿಂದ ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದೆಂದಲ್ಲ. ಬರೆದುಕೊಟ್ಟಷ್ಟು ದಿನ, ಅದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಎರಡು ಮೂರು ದಿನವಾದರೂ ಗುಣ ಕಾಣದಿದ್ದರೆ ಅಂಗಡಿಯಲ್ಲಿ ಇನ್ನೊಂದು ಮಾತ್ರೆ ಕೇಳದೆ, ಬರೆದುಕೊಟ್ಟ ಡಾಕ್ಟರ ಬಳಿಗೇ ಹಿಂದಿರುಗಿ.

ಕೊಟ್ಟಿಗೆಯೂ ಕೋಳಿಮನೆಯೂ

ಹಸುವಿಗೆ ಕೆಚ್ಚಲು ಬಾವು ಬಂದಾಗ ಕೆಚ್ಚಲಿಗೆ ಹಾಕುವ ಟ್ಯೂಬು ಕೂಡ ಆಂಟಿಬಯಾಟಿಕ್. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸೊಸೈಟಿಗೆ ಹಾಕಬಾರದು, ಮಕ್ಕಳಿಗೂ ಕೊಡಬಾರದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಮೊಸರಾಗದಿರುವುದನ್ನು ಕಂಡಿರಬಹುದು. ಹಾಲಿನಲ್ಲಿ ಉಳಿದ ಮದ್ದು ಹೆಪ್ಪಿನ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಕುದಿಸಿದ ಮಾತ್ರಕ್ಕೆ ಆ ಮದ್ದು ಹೋಗುವುದಿಲ್ಲ.

ಪಲ್ಲಡಂ ಕಡೆಯ ಕೋಳಿ ಸಾಕಣೆ ಎಲ್ಲರಿಗೂ ಗೊತ್ತು. ಬೇರೆ ಮದ್ದುಗಳೆಲ್ಲ ಸೋತಾಗ ಮನುಷ್ಯರಿಗೆ ಕೊಡುವ ಕೊಲಿಸ್ಟಿನ್ ಎಂಬ ಕೊನೆಯ ಅಸ್ತ್ರವನ್ನು ಕೋಳಿಯ ಆಹಾರದಲ್ಲೂ ಬೆರೆಸುವ ರೂಢಿ ದೇಶದಲ್ಲಿತ್ತು. 2019ರ ಜುಲೈನಲ್ಲಿ ಕೇಂದ್ರ ಸರಕಾರ ಕೋಳಿ, ಮೀನು, ದನಗಳಿಗೆ ಅದನ್ನು ಮಾರುವುದನ್ನೂ ತಯಾರಿಸುವುದನ್ನೂ ನಿಷೇಧಿಸಿತು. ಆರೋಗ್ಯವಾಗಿರುವ ಪ್ರಾಣಿಗೆ ಬೇಗ ಬೆಳೆಯಲೆಂದು ಆಂಟಿಬಯಾಟಿಕ್ ಕೊಡುವುದು ನಮ್ಮ ಮಕ್ಕಳ ಮದ್ದನ್ನು ಹಾಳುಮಾಡಿದಂತೆ. ಉಳಿದ ಮಾತ್ರೆ, ಸಿರಪ್‌ಗಳನ್ನು ಬಾವಿಗೆ, ಗೊಬ್ಬರದ ಗುಂಡಿಗೆ ಎಸೆಯುವುದೂ ಬೇಡ.

ಎಲ್ಲಕ್ಕಿಂತ ಮೊದಲ ಮದ್ದು ಸೋಂಕು ಬಾರದಂತೆ ನೋಡಿಕೊಳ್ಳುವುದು. ಸೋಪಿನಿಂದ ಕೈ ತೊಳೆಯುವುದು, ಕುದಿಸಿ ಆರಿಸಿದ ನೀರು, ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಲಸಿಕೆ, ತೋಟದಲ್ಲಿ ಕಾಲಿಗೆ ಚಪ್ಪಲಿ, ಕತ್ತಿಯ ಗಾಯವನ್ನು ಕೂಡಲೇ ಸೋಪು ನೀರಿನಿಂದ ತೊಳೆದು ಧನುರ್ವಾಯುವಿನ ಇಂಜೆಕ್ಷನ್ ಬಗ್ಗೆ ಕೇಳುವುದು. ಇವುಗಳಿಗೆ ಖರ್ಚು ಕಡಿಮೆ.

ಗ್ರಾಮದ ಆರೋಗ್ಯ ನರ್ಸು ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ತೋರಿಸಿ. ಯಾವುದು ಬೇಕು, ಯಾವುದು ಬೇಡ, ಯಾವುದು ಅವಧಿ ಮೀರಿದೆ ಎಂದು ಅವರು ಹೇಳುತ್ತಾರೆ. ಹತ್ತು ನಿಮಿಷದ ಕೆಲಸ.